ಇಡಾ ಟಾರ್ಬೆಲ್

ವಿದ್ಯುದ್ದೀಪ ಬರುವ ಮುನ್ನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಸುತ್ತಿನ ಹಳ್ಳಿಗಳಲ್ಲಿ ಹೊತ್ತು ಮುಳುಗಿತೆಂದರೆ ಚಿಮಣಿಯೇ ಮನೆಯ ಬೆಳಕು. ಸೀಮೆಎಣ್ಣೆಗೆ ಅಲ್ಲಿಯ ಜನರಿಟ್ಟ ಹೆಸರು ಚಿಮಣಿ ಎಣ್ಣೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಥ ಎಣ್ಣೆ ಅಮೆರಿಕದಿಂದ ಹಡಗೇರಿ ಭಾರತಕ್ಕೆ ಬರುತ್ತಿತ್ತು. ಅಮೆರಿಕದ ಆ ಉದ್ಯಮವನ್ನು ಬಹುಮಟ್ಟಿಗೆ ತನ್ನ ಮುಷ್ಟಿಯಲ್ಲಿ ಹಿಡಿದಿದ್ದುದು ರಾಕ್‌ಫೆಲರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. ಅದರ ವ್ಯವಹಾರವನ್ನು ಲೋಕದ ಮುಂದೆ ಬಿಚ್ಚಿಟ್ಟವಳು ಇಡಾ ಟಾರ್ಬೆಲ್.

ಇಡಾ 1857ರ ನವೆಂಬರ್ 5ರಂದು ಪೆನ್ಸಿಲ್ವೇನಿಯ ರಾಜ್ಯದಲ್ಲಿ ಜನಿಸಿದಳು. ಎರಡು ವರ್ಷಗಳ ತರುವಾಯ ಅದೇ ರಾಜ್ಯದ ಟೈಟಸ್‌ವಿಲ್ ಎಂಬ ಊರಿನ ಬಳಿ ಕೊರೆದ ಬಾವಿಯಲ್ಲಿ ಎಣ್ಣೆ ದೊರೆಯಿತು. ಆಕೆಯ ತಂದೆ ಎಣ್ಣೆ ತುಂಬುವ ಮರದ ತೊಟ್ಟಿಗಳನ್ನು ಕಟ್ಟಿಕೊಡುತ್ತಿದ್ದು, ಮುಂದೆ ತಾನೇ ಎಣ್ಣೆಯ ಉದ್ಯಮಕ್ಕಿಳಿದನು. 1872ರಲ್ಲಿ ರೈಲ್ವೆ ಕಂಪನಿಗಳು ರಾಕ್‌ಫೆಲರನ ಕೂಟದೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ಕೂಟದವರಿಗೆ ಸಾಗಣೆಯ ದರದಲ್ಲಿ ರಿಯಾಯಿತಿ. ಉಳಿದವರಿಗೆ ಹೆಚ್ಚಿನ ದರ. ಅವರು ತೆತ್ತ ಹಣದಲ್ಲಿಯೂ ಕೂಟಕ್ಕೆ ಪಾಲು. ಸಣ್ಣ ಉದ್ಯಮಿಗಳು ಒಂದಾಗಿ ಪ್ರತಿಭಟಿಸಿದುದರಿಂದ ಒಪ್ಪಂದ ಮುರಿದುಬಿತ್ತು. ಆದರೂ ಅವರಲ್ಲಿ ಅನೇಕರು ಕ್ರಮೇಣ ಕಂಪನಿಗೆ ಶರಣಾಗಬೇಕಾಯಿತು. ಈ ಅನ್ಯಾಯ ಹದಿನಾಲ್ಕರ ಬಾಲೆಯ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

1880ರಲ್ಲಿ ಇಡಾ ಅಲೆಘೆನಿ ಕಾಲೇಜಿನಿಂದ ಪದವಿ ಪಡೆದಳು. ಆಕೆಯ ತರಗತಿಯಲ್ಲಿ ಆಕೆಯೊಬ್ಬಳೇ ಸ್ತ್ರೀ. ಎರಡು ವರ್ಷ ಶಿಕ್ಷಕಿಯಾಗಿದ್ದು, ಬಳಿಕ ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡಳು. ಮೆಕ್ಲೂರ್ಸ್ ಎಂಬ ಮಾಸಪತ್ರಿಕೆಗಾಗಿ ನೆಪೋಲಿಯನ್, ಲಿಂಕನ್ ಇವರ ಚರಿತ್ರೆಗಳನ್ನು ಬರೆದು ಹೆಸರಾದಳು.

ಅನಂತರ ಆಕೆ ಕೈಗೆತ್ತಿಕೊಂಡದ್ದು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಚರಿತ್ರೆಯನ್ನು. ಅದಕ್ಕೆ ಕೈಹಾಕಬೇಡವೆಂದು ತಂದೆಯೇ ಎಚ್ಚರಿಸಿದನು. ಇಡಾ ಹಿಂಜರಿಯಲಿಲ್ಲ. ನ್ಯಾಯಾಲಯದ ಕಡತಗಳು, ವಿಚಾರಣಾ ಸಮಿತಿಗಳ ವರದಿಗಳು, ಹಳೆಯ ವೃತ್ತಪತ್ರಿಕೆಗಳು ಇವೆಲ್ಲವನ್ನೂ ತಾಳ್ಮೆಯಿಂದ ಶೋಧಿಸಿದಳು. ಕಂಪನಿಯ ಹಿರಿಯ ಅಧಿಕಾರಿಯೊಬ್ಬನನ್ನೇ ಭೇಟಿಯಾಗಿ ಪ್ರಶ್ನಿಸಿದಳು. ರಾಕ್‌ಫೆಲರನ ವ್ಯವಹಾರ ಕೌಶಲವನ್ನು ಮುಚ್ಚಿಡದೆ ಮೆಚ್ಚಿದಳು. ಆತನ ಮೋಸವನ್ನೂ ಮುಚ್ಚಿಡಲಿಲ್ಲ. 1902ರಿಂದ 1904ರವರೆಗೆ 19 ಕಂತುಗಳಲ್ಲಿ ಈ ಚರಿತ್ರೆ ಪ್ರಕಟವಾಯಿತು. ಜನ ಎಚ್ಚೆತ್ತರು. 1906ರಲ್ಲಿ ಸರ್ಕಾರ ದಾವೆ ಹೂಡಿತು. 1911ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಕಂಪನಿ 34 ಭಾಗಗಳಾಗಿ ಒಡೆಯಿತು. ಇಡಾ 1944ರ ಜನವರಿ 6ರಂದು ತೀರಿಕೊಂಡಳು.

ಭೂಮಿಯ ತಾಪದ ಪ್ರಶ್ನೆ ಆಕೆಯ ಮುಂದಿರಲಿಲ್ಲ. ಆದರೆ ಒಡೆದ ಆ ಭಾಗಗಳಿಂದ ಬೆಳೆದ ಕಂಪನಿಗಳಲ್ಲಿ ಎಕ್ಸಾನ್ ಒಂದು. ಎಣ್ಣೆ, ಕಲ್ಲಿದ್ದಲುಗಳನ್ನು ಉರಿಸುವುದರಿಂದ ಭೂಮಿ ಕಾಯುವುದೆಂದು 1977ರಲ್ಲಿಯೇ ಅದರ ವಿಜ್ಞಾನಿಯೊಬ್ಬ ತನ್ನ ಮೇಲಧಿಕಾರಿಗಳಿಗೆ ತಿಳಿಸಿದ್ದನು. ಆದರೂ ಮುಂದೆ ಕಂಪನಿ ಆ ವಿಜ್ಞಾನದ ಬಗೆಗೆ ಜನರಲ್ಲಿ ಸಂದೇಹವನ್ನೇ ಬಿತ್ತಿತು. 2015ರಲ್ಲಿ ಪತ್ರಕರ್ತರು, ಇಡಾಳ ಹಾದಿಯಲ್ಲಿಯೇ, ಹಳೆಯ ಕಾಗದಪತ್ರಗಳನ್ನು ಶೋಧಿಸಿ ಇದನ್ನು ಬಯಲಿಗೆ ತಂದರು. ಅಮೆರಿಕದ ಹಲವು ರಾಜ್ಯಗಳೂ ನಗರಗಳೂ ಎಣ್ಣೆ ಕಂಪನಿಗಳ ಮೇಲೆ ದಾವೆ ಹೂಡಿವೆ. ಅವುಗಳಲ್ಲಿ ಕೆಲವು ವಜಾ ಆಗಿವೆ, ಕೆಲವು ನಡೆದಿವೆ.

ಬಸವನಬಾಗೇವಾಡಿಯ ಸಮೀಪದ ಕೂಡಗಿಯಲ್ಲಿಯೂ ಈಗ ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತನ್ನು ಉತ್ಪಾದಿಸುತ್ತಾರೆ. ಚಿಮಣಿ ಹೋಗಿ ವಿದ್ಯುದ್ದೀಪ ಬಂದರೂ ಹೊಗೆ ತೀರಿಲ್ಲ. ಬೆಳಕನ್ನು ಬಳಸುವವರಿಗೂ ಅದರ ಹೊಣೆಯುಂಟು. ಆದರೆ ಕೇಡನ್ನು ತಿಳಿದೂ ಮರೆಮಾಚಿದವರ ಹೊಣೆ ಅದಕ್ಕಿಂತ ಭಾರವಾದುದು. ಅಂಥವರನ್ನು ಲೆಕ್ಕ ಕೇಳುವ ಬಗೆಯನ್ನು ಇಡಾ ಟಾರ್ಬೆಲ್ ತನ್ನ ಬಾಳಿನಿಂದ ತೋರಿಸಿಕೊಟ್ಟಳು.