ಸ್ವರಪಥಿಕ ಕುಮಾರ ಗಂಧರ್ವ

ಬೆಳಗಾವಿಯಿಂದ ಮಿರಜಕ್ಕೆ ಹೋಗುವ ರೈಲುಮಾರ್ಗದಲ್ಲಿ ಸುಳೇಭಾವಿ ಎಂಬ ಚಿಕ್ಕ ನಿಲ್ದಾಣವಿದೆ. ಅಲ್ಲಿಂದ ಮುಂದೆ ಸಾಗಿದ ಗಾಡಿಯು ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರಗಳನ್ನು ದಾಟಿ, ಕಾಗವಾಡ ಸೀಮೆಯ ಶೇಡಬಾಳದ ಮೇಲೆ ಹಾದು ಮಿರಜವನ್ನು ಸೇರುತ್ತದೆ. ಇದರ ಆಚೀಚೆ ಅಥಣಿ, ನಿಪ್ಪಾಣಿಗಳವರೆಗೆ ಹರಡಿರುವ ಈ ಗಡಿನಾಡು ಕನ್ನಡ-ಮರಾಠಿಗಳ ಸಂಗಮಭೂಮಿ. ಇಲ್ಲಿಯ ಜನರ ಕಿವಿಗೆ ಭಜನೆಯ ಪದ, ಅಭಂಗ, ನಾಟಕದ ಹಾಡು ಇವೆಲ್ಲವೂ ಪರಿಚಿತ. ಮಿರಜವಂತೂ ತಂಬೂರಿಗಳನ್ನು ತಯಾರಿಸುವ ಕುಶಲಿಗಳ ಊರು. ಖ್ಯಾತ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಇಂತಹ ನಾದಸಮೃದ್ಧವಾದ ನಾಡಿನಲ್ಲಿ, ಸುಳೇಭಾವಿಯಲ್ಲಿ, 1924ರ ಏಪ್ರಿಲ್ 8ರಂದು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿ ಜನಿಸಿದರು. ಇವರೇ ಮುಂದೆ ಕುಮಾರ ಗಂಧರ್ವರೆಂದು ಭಾರತದಾದ್ಯಂತ ಪ್ರಖ್ಯಾತರಾದರು.

ತಂದೆ ಸಿದ್ಧರಾಮಯ್ಯನವರು ಸಂಗೀತಪ್ರಿಯರು, ಸ್ವತಃ ಹಾಡುಗಾರರು. ಮನೆಯ ವಾತಾವರಣದಲ್ಲಿಯೇ ಶಿವಪುತ್ರನ ಪ್ರತಿಭೆ ಮೊಳೆಯಿತು. ಗ್ರಾಮಫೋನಿನಲ್ಲಿ ಕೇಳಿದ ಹಿರಿಯ ಗಾಯಕರ ಹಾಡನ್ನು ಆ ಬಾಲಕನು ಅವರ ದನಿಯ ಏರಿಳಿತ, ಕೊಂಕುಗಳೊಡನೆ ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದನು. ಈ ವಿಸ್ಮಯವನ್ನು ಕಂಡ ಮಠಾಧೀಶರೊಬ್ಬರು ಅವನಿಗೆ ಕುಮಾರ ಗಂಧರ್ವನೆಂಬ ಬಿರುದನ್ನು ದಯಪಾಲಿಸಿದರು. ಬಿರುದು ಹೆಸರೇ ಆಗಿ ನಿಂತಿತು. 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಈ ಬಾಲಗಾಯಕನು ಹಾಡಿದಾಗ ಸಭಿಕರೆಲ್ಲ ಬೆರಗಾದರು.

ಆದರೆ ಅನುಕರಣೆ ಎಷ್ಟೇ ಸೊಗಸಾಗಿದ್ದರೂ ಅದು ಪರರ ಸೊತ್ತು. ಈ ಸತ್ಯವನ್ನು ಬಾಲಕನಿಗೆ ಮನಗಾಣಿಸಿದವರು ಗುರು ಬಿ. ಆರ್. ದೇವಧರರು. ಹಿಂದೂಸ್ತಾನಿ ಸಂಗೀತದಲ್ಲಿ ಗ್ವಾಲಿಯರ್, ಕಿರಾಣಾ, ಆಗ್ರಾ, ಜೈಪುರ ಎಂಬಿತ್ಯಾದಿ ಘರಾಣೆಗಳುಂಟು. ಒಂದು ಮನೆತನದ ಶಿಷ್ಯನು ಇನ್ನೊಂದರ ಶೈಲಿಯನ್ನು ಹಾಡುವುದು ಆ ಕಾಲದಲ್ಲಿ ಅಪರೂಪವಾಗಿತ್ತು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಮಾತ್ರ ಎಲ್ಲ ಘರಾಣೆಗಳ ಸತ್ವವನ್ನೂ ಆದರದಿಂದ ಅಭ್ಯಸಿಸಿದವರು. ಮುಂಬಯಿಯ ಅವರ ವಿದ್ಯಾಲಯದಲ್ಲಿ ಕುಮಾರರು ಹತ್ತಾರು ಬಗೆಯ ಗಾಯನವನ್ನು ಕೇಳಿದರು, ಒರೆಗೆ ಹಚ್ಚಿದರು. ಕೆಲವೇ ವರ್ಷಗಳಲ್ಲಿ ಶಿಷ್ಯನೇ ಅಲ್ಲಿ ಅಧ್ಯಾಪಕನಾದನು.

ಕೀರ್ತಿಯು ಕೈಗೆಟುಕುವಂತಿದ್ದ ಆ ಹೊತ್ತಿನಲ್ಲಿಯೇ ವಿಧಿಯ ಪೆಟ್ಟು ಬಿದ್ದಿತು. 1947ರಲ್ಲಿ ಸಹಗಾಯಕಿ ಭಾನುಮತಿಯವರೊಡನೆ ವಿವಾಹವಾದ ಕೆಲಕಾಲದಲ್ಲಿಯೇ ಕುಮಾರರಿಗೆ ಕ್ಷಯರೋಗ ತಗುಲಿತು. ಒಣಹವೆಯನ್ನು ಅರಸಿ 1948ರ ಆರಂಭದಲ್ಲಿ ದಂಪತಿಗಳು ಮಧ್ಯಭಾರತದ ಮಾಳವ ಪ್ರಾಂತದ ದೇವಾಸಕ್ಕೆ ತೆರಳಿದರು. ಹಾಡುವುದು ಹಾಗಿರಲಿ, ಗಟ್ಟಿಯಾಗಿ ಮಾತನಾಡುವುದೂ ವರ್ಜ್ಯವಾಯಿತು. ಉಸಿರೇ ಬಂಡವಾಳವಾದ ಗಾಯಕನಿಗೆ ಇದಕ್ಕಿಂತ ಮಿಗಿಲಾದ ಸಂಕಟ ಯಾವುದು? ಸುಮಾರು ಐದು ವರ್ಷಗಳ ಕಾಲ ಅವರು ಹಾಸಿಗೆಯನ್ನೇ ಆಶ್ರಯಿಸಬೇಕಾಯಿತು. ಭಾನುಮತಿಯವರು ಹಗಲಿರುಳು ಶುಶ್ರೂಷೆ ಮಾಡಿದರು. ಆಗತಾನೇ ಬಳಕೆಗೆ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧವು ಪ್ರಾಣವನ್ನು ಉಳಿಸಿತು. ಒಂದು ಶ್ವಾಸಕೋಶ ಮಾತ್ರ ನಿರುಪಯುಕ್ತವಾಯಿತು.

ಕಂಠ ಮೌನವಾಗಿದ್ದರೂ ಕಿವಿ ತೆರೆದೇ ಇದ್ದಿತು. ಹಕ್ಕಿಗಳ ಉಲಿ, ಗಾಳಿಯ ಸುಯ್ಲು, ಹಬ್ಬ-ಮದುವೆಗಳಲ್ಲಿ ಮಾಳವದ ಹೆಣ್ಣುಮಕ್ಕಳು ಹಾಡುವ ಪದಗಳು, ಏಕತಾರಿ ಹಿಡಿದು ಬರುವ ನಾಥಪಂಥದ ಜೋಗಿಗಳ ನಿರ್ಗುಣ ಭಜನೆಗಳು ಇವೆಲ್ಲವೂ ರೋಗಿಯ ಕೋಣೆಯನ್ನು ಹೊಕ್ಕವು. ನಾಲ್ಕೈದು ಸ್ವರಗಳ ಆ ಸರಳ ಧಾಟಿಗಳಲ್ಲಿ ರಾಗಗಳ ಬೀಜಗಳು ಅಡಗಿರುವುದನ್ನು ಕುಮಾರರು ಕಂಡುಕೊಂಡರು. ಚೇತರಿಸಿಕೊಂಡ ಮೇಲೆ ನೂರಾರು ಜನಪದ ಗೀತೆಗಳನ್ನು ಸಂಗ್ರಹಿಸಿದರು. ಅವುಗಳಿಂದ ಲಗನ ಗಾಂಧಾರ, ಮಾಲವತಿ, ಸಂಜಾರಿ ಮೊದಲಾದ ಹೊಸ ರಾಗಗಳನ್ನು ರೂಪಿಸಿದರು. ಗಾಂಧೀಜಿಯವರ ಜನ್ಮಶತಾಬ್ದಿಗೆ ಗಾಂಧಿ ಮಲ್ಹಾರ್ ರಾಗವನ್ನು ಅರ್ಪಿಸಿದರು. ಅವರ ರಚನೆಗಳ ಸಂಗ್ರಹವಾದ 'ಅನೂಪರಾಗವಿಲಾಸ' 1965ರಲ್ಲಿ ಪ್ರಕಟವಾಯಿತು.

ಮರಳಿ ವೇದಿಕೆಯನ್ನೇರಿದ ಕುಮಾರರ ಗಾಯನ ಹಿಂದಿನಂತಿರಲಿಲ್ಲ. ಒಂದೇ ಉಸಿರಿನಲ್ಲಿ ದೀರ್ಘವಾದ ತಾನುಗಳನ್ನು ಹರಿಸುವ ಶಕ್ತಿ ಈಗ ಇರಲಿಲ್ಲ. ಅದಕ್ಕಾಗಿ ಅವರು ಕೊರಗುತ್ತ ಕುಳಿತುಕೊಳ್ಳಲಿಲ್ಲ. ಮಿಂಚಿನಂತೆ ಹೊಳೆದು ಮಾಯವಾಗುವ ಕಿರಿದಾದ ಸ್ವರಗುಚ್ಛಗಳು, ನಡುನಡುವೆ ಅರ್ಥಪೂರ್ಣವಾದ ಮೌನ, ಒಮ್ಮೆ ಪಿಸುಮಾತು, ಒಮ್ಮೆ ಬಾಣದಂತೆ ಚಿಮ್ಮುವ ತಾರಸ್ವರ ಇವೇ ಅವರ ಶೈಲಿಯಾದವು. ಕೊರತೆಯೇ ಚೆಲುವಾಗಿ ಪರಿಣಮಿಸಿತು. ಸಂಪ್ರದಾಯನಿಷ್ಠರು ಇದನ್ನು ಸ್ವಚ್ಛಂದವೆಂದು ಆಕ್ಷೇಪಿಸಿದರು. ಯಾವ ಘರಾಣೆಗೂ ಸೇರದ ಗಾಯನವೆಂದು ಟೀಕಿಸಿದರು. ಕುಮಾರರು ವಿಚಲಿತರಾಗಲಿಲ್ಲ. ಖ್ಯಾಲ್, ಠುಮರಿ, ಟಪ್ಪಾ, ತರಾನಾಗಳನ್ನು ಹಾಡಿದರು. ಋತುಗಳಿಗೆ ಒಪ್ಪುವ ಗೀತೆಗಳನ್ನು ಪೋಣಿಸಿ ಕಾರ್ಯಕ್ರಮಗಳನ್ನು ರಚಿಸಿದರು. ಮರಾಠಿ ರಂಗಭೂಮಿಯ ಬಾಲಗಂಧರ್ವರ ಗೀತೆಗಳನ್ನು ತಮ್ಮದೇ ದೃಷ್ಟಿಯಿಂದ ಹಾಡಿ ಆ ಮಹಾನಟನಿಗೆ ಗೌರವ ಸಲ್ಲಿಸಿದರು. ಸೂರದಾಸ, ಮೀರಾ, ತುಲಸೀದಾಸರ ಪದಗಳಿಗೂ ದನಿಯಾದರು.

ಇವೆಲ್ಲಕ್ಕೂ ಮಿಗಿಲಾಗಿ ಜನಮನದಲ್ಲಿ ನೆಲೆನಿಂತದ್ದು ಅವರ ಕಬೀರ ಗಾಯನ. ನಮ್ಮ ಶಿಶುನಾಳ ಷರೀಫರ ತತ್ವಪದಗಳನ್ನು ಬಲ್ಲ ಕನ್ನಡಿಗರಿಗೆ ಆ ನಿರ್ಗುಣ ಭಜನೆಗಳ ಲೋಕ ಅಪರಿಚಿತವೇನೂ ಅಲ್ಲ. ಸಾವಿನ ಹೊಸ್ತಿಲನ್ನು ಕಂಡು ಬಂದ ಗಾಯಕನ ಕಂಠದಲ್ಲಿ ದೇಹದ ನಶ್ವರತೆಯನ್ನು ಸಾರುವ ಆ ಪದಗಳು ಹೊಸ ಕಸುವನ್ನು ಪಡೆದವು.

1961ರಲ್ಲಿ ಭಾನುಮತಿಯವರು ತೀರಿಕೊಂಡರು. ಮರುವರ್ಷ ಕುಮಾರರ ಕೈಹಿಡಿದ ವಸುಂಧರಾ ಅವರು ಬಾಳಿನಲ್ಲಿಯೂ ಗಾಯನದಲ್ಲಿಯೂ ಜೊತೆಯಾದರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಕುಮಾರರನ್ನು ಅರಸಿ ಬಂದವು. 1992ರ ಜನವರಿ 12ರಂದು ಅವರು ದೇವಾಸದಲ್ಲಿಯೇ ಕೊನೆಯುಸಿರೆಳೆದರು.

ಪರರ ದನಿಯಲ್ಲಿ ಹಾಡಿ ಮೆಚ್ಚುಗೆಯನ್ನು ಗಳಿಸಿದ ಬಾಲಕನಿಗೆ ಅದೇ ದಾರಿಯಲ್ಲಿ ಸುಖವಾಗಿ ಬಾಳುವುದು ಅಸಾಧ್ಯವಾಗಿರಲಿಲ್ಲ. ಅವರು ಆ ಸುಲಭದ ದಾರಿಯನ್ನು ಬಿಟ್ಟರು. ಎಲ್ಲರಿಂದಲೂ ಕಲಿತರು, ಯಾರ ನೆರಳಿನಲ್ಲಿಯೂ ನಿಲ್ಲಲಿಲ್ಲ. ಸುಳೇಭಾವಿಯಲ್ಲಿ ಮೊದಲಾದ ಆ ಪಯಣವು ತನ್ನದೇ ದನಿಯನ್ನು ಕಂಡುಕೊಂಡದ್ದು ದೂರದ ದೇವಾಸದಲ್ಲಿ, ಅದೂ ಹಾಡಲಾಗದೆ ಮಲಗಿದ್ದ ಆ ಐದು ವರ್ಷಗಳಲ್ಲಿ.