ವೀರಣ್ಣನವರ ಕಂಪನಿ ಮತ್ತು ಕಾಲಡಿಯ ವಾಲ್ಯೂಮ್

ತುಮಕೂರಲ್ಲಿ ಓದೋ ನಮಗೆಲ್ಲ ಗುಬ್ಬಿ ವೀರಣ್ಣ ಅಂದ್ರೆ ಮೊದಲು ನೆನಪಾಗೋದು ಒಂದು ಕಟ್ಟಡ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕಾರ್ಯಕ್ರಮ ಇದೆ ಅಂತ ಮೆಸೇಜ್ ಬರುತ್ತೆ, ಹೋಗ್ತೀವಿ, ಹಿಂದಿನ ಸಾಲಲ್ಲಿ ಕೂತು ಎದ್ದು ಬರ್ತೀವಿ. ಆ ಹೆಸರಿನ ಮನುಷ್ಯ ಯಾರು ಅಂತ ಕೇಳಿದ್ರೆ ನಾಟಕದವರು ಅಂತೀವಿ, ಅಲ್ಲಿಗೆ ಮಾತು ಮುಗೀತು.

ಈ ಸಂಚಿಕೆಗೆ ಅವರ ಬಗ್ಗೆ ಬರೆಯೋಕೆ ಕಾರಣ ಸ್ವಲ್ಪ ವಿಚಿತ್ರ. ನಮ್ಮ ಸಂಘದ ಬ್ಯಾಂಡಿನವರು ಈ ಸಲ ಹಳೇ ರಂಗಗೀತೆಗಳನ್ನ ಎಲೆಕ್ಟ್ರಿಕ್ ಗಿಟಾರ್ ಇಟ್ಕೊಂಡು ಹಾಡಬೇಕು ಅಂತ ಹೊರಟಿದ್ದಾರೆ. ರಂಗಗೀತೆಗೆ ಬೆನ್ನೆಲುಬು ಹಾರ್ಮೋನಿಯಂ. ಅದರ ಜಾಗದಲ್ಲಿ ಗಿಟಾರ್ ಕೂತ್ಕೊಂಡು, ಹಾಡೋರ ದನಿಯನ್ನ ಮುಳುಗಿಸದೆ ಇರೋದು ಹೇಗೆ? ಇದಕ್ಕೆ ಉತ್ತರ ಹುಡುಕ್ತಾ ಹೋದ ನಮಗೆ ಎರಡು ವಸ್ತು ಸಿಕ್ಕವು. ಒಂದು, ಗಿಟಾರಿಸ್ಟ್ ಕಾಲ ಕೆಳಗಿನ ವಾಲ್ಯೂಮ್ ಪೆಡಲ್. ಇನ್ನೊಂದು, ಕಂಪನಿ ನಾಟಕದ ಕಾಲು ಹಾರ್ಮೋನಿಯಂ. ಎರಡನೆಯದರ ಜಾಡು ಹಿಡಿದು ಹೋದ್ರೆ ಇಲ್ಲೇ 20 ಕಿಲೋಮೀಟರ್ ಆಚೆ, ಗುಬ್ಬಿಗೆ ಹೋಗಿ ನಿಂತ್ಕೊಳ್ತೀವಿ.

ಗುಬ್ಬಿಯಲ್ಲಿ 1884ರಲ್ಲಿ ಊರಿನ ಆಸಕ್ತರು ಸೇರಿ ಒಂದು ನಾಟಕದ ತಂಡ ಕಟ್ಟಿದರು. ಊರ ದೇವರು ಚನ್ನಬಸವೇಶ್ವರನ ಹೆಸರಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಅಂತ ಹೆಸರಿಟ್ಟರು. ಅಷ್ಟುದ್ದ ಹೆಸರನ್ನ ಯಾರು ಹೇಳ್ತಾರೆ, ಜನರ ಬಾಯಲ್ಲಿ ಅದು ಗುಬ್ಬಿ ಕಂಪನಿ ಆಯ್ತು. ವೀರಣ್ಣ ಹುಟ್ಟಿದ್ದು 1891ರಲ್ಲಿ, ಅಂದ್ರೆ ಕಂಪನಿಗಿಂತ ಏಳು ವರ್ಷ ಚಿಕ್ಕವರು. ಆರನೇ ವಯಸ್ಸಿಗೆ ಬಾಲನಟನಾಗಿ ಕಂಪನಿ ಸೇರಿದರು. ನಾವು ಒಂದನೇ ಕ್ಲಾಸಲ್ಲಿ ಸ್ಲೇಟು ಹಿಡಿಯೋ ವಯಸ್ಸು ಅದು. ಅವರಿಗೆ ಶಾಲೆ, ಮನೆ, ಊರು ಎಲ್ಲಾ ಕಂಪನಿಯೇ. ಇವತ್ತೊಂದು ಊರಲ್ಲಿ ಮೊಕ್ಕಾಂ, ಮೂರು ತಿಂಗಳಾದ ಮೇಲೆ ಗಾಡಿ ಕಟ್ಟಿ ಇನ್ನೊಂದು ಊರು. ಪಾತ್ರ ಮಾಡ್ತಾ, ಪರದೆ ಎಳೀತಾ ಬೆಳೆದ ಹುಡುಗ 1917ರಲ್ಲಿ ಅದೇ ಕಂಪನಿಯ ಮಾಲೀಕರಾದರು. ಆಗ ಅವರಿಗೆ 26 ವರ್ಷ. ನಮ್ಮ ಸೀನಿಯರ್‌ಗಳು ಆ ವಯಸ್ಸಿಗೆ ಮೊದಲನೇ ಕಂಪನಿ ಬಿಟ್ಟು ಎರಡನೇ ಕಂಪನಿ ಸೇರೋ ಯೋಚನೇಲಿರ್ತಾರೆ.

ಮೈಕ್ ಇಲ್ಲದ ಕಾಲ ಅದು. ತಗಡಿನ ಶೆಡ್ಡಿನಂಥ ಥಿಯೇಟರು, ಮುಂದೆ ಚಾಪೆ, ಹಿಂದೆ ಬೆಂಚು, ಅದರ ಹಿಂದೆ ನಿಂತವರು. ಕೊನೆಯಲ್ಲಿ ನಿಂತವನೂ ದುಡ್ಡು ಕೊಟ್ಟೇ ಬಂದಿರ್ತಾನೆ, ಅವನಿಗೂ ಹಾಡು ಕೇಳಿಸಬೇಕು. ರಂಗದ ಮುಂದೆ ತಗ್ಗಲ್ಲಿ ಹಾರ್ಮೋನಿಯಂ ಮೇಷ್ಟ್ರು, ತಬಲದವರು. ಮೇಷ್ಟ್ರ ಹತ್ರ ಇರ್ತಿದ್ದದ್ದು ಈಗ ಭಜನೆಯಲ್ಲಿ ನೋಡೋ ಪುಟ್ಟ ಪೆಟ್ಟಿಗೆ ಅಲ್ಲ. ಮೇಜಿನಂಥ ಕಾಲು ಹಾರ್ಮೋನಿಯಂ. 19ನೇ ಶತಮಾನದಲ್ಲಿ ಯುರೋಪಿನಿಂದ ಬಂದು, ಪಾರ್ಸಿ ಮತ್ತು ಮರಾಠಿ ನಾಟಕದವರ ಕೈ ದಾಟಿ ನಮ್ಮ ಕಂಪನಿಗಳಿಗೂ ಬಂತು.

ಇದರ ಕೆಲಸ ನೋಡಿದ್ರೆ ನಮ್ಮ ಬ್ರಾಂಚಿನವರಿಗೆ ಖುಷಿಯಾಗುತ್ತೆ. ಕೆಳಗೆ ಎರಡು ಪೆಡಲ್. ಎಡ, ಬಲ, ಎಡ, ಬಲ ಅಂತ ತುಳೀತಾ ಇದ್ರೆ ತಿದಿಯಲ್ಲಿ ಗಾಳಿ ಓಡಾಡುತ್ತೆ. ಆ ಗಾಳಿ ಹಿತ್ತಾಳೆಯ ರೀಡುಗಳನ್ನ ಕಂಪಿಸುತ್ತೆ. ಒಳಗೆ ಇನ್ನೊಂದು ತಿದಿ ಗಾಳಿಯನ್ನ ಶೇಖರಿಸಿಟ್ಟು ಒತ್ತಡ ಸಮವಾಗಿರೋ ಹಾಗೆ ನೋಡ್ಕೊಳ್ಳುತ್ತೆ, ಪವರ್ ಸಪ್ಲೈಯಲ್ಲಿ ಫಿಲ್ಟರ್ ಕೆಪಾಸಿಟರ್ ಮಾಡೋ ಕೆಲಸವೇ ಇದು. ಆದರೆ ಒಂದು ಸ್ಟಾಪ್ ಎಳೆದರೆ ಈ ಶೇಖರಣೆಯ ತಿದಿ ದಾರಿಯಿಂದ ಆಚೆ ಹೋಗುತ್ತೆ. ಆಗ ಕಾಲಿಗೂ ರೀಡಿಗೂ ನೇರ ಸಂಬಂಧ. ಜೋರಾಗಿ ತುಳಿದ್ರೆ ಜೋರು, ಮೆಲ್ಲಗೆ ತುಳಿದ್ರೆ ಮೆಲ್ಲಗೆ, ಕಾಲು ತಡವರಿಸಿದ್ರೆ ಸ್ವರವೂ ತಡವರಿಸುತ್ತೆ. ಕೈಯಲ್ಲಿ ತಿದಿ ಒತ್ತೋ ಪೆಟ್ಟಿಗೆಯಲ್ಲಿ ಮನೆ ಒತ್ತೋಕೆ ಉಳಿಯೋದು ಒಂದೇ ಕೈ. ಇಲ್ಲಿ ಎರಡೂ ಕೈ ಖಾಲಿ. ಗಿಟಾರಿಸ್ಟ್ ವಾಲ್ಯೂಮನ್ನ ಕಾಲಿಗೆ ಕೊಟ್ಟಿದ್ದೂ ಇದೇ ಕಾರಣಕ್ಕೆ ತಾನೇ?

ನಟ ಹಾಡ್ತಾ ಪ್ರವೇಶ ಮಾಡ್ತಾನೆ. ಮೇಷ್ಟ್ರು ಶ್ರುತಿ ಹಿಡಿದು, ಅವನ ಹಿಂದೆ ಹಿಂದೆ ಹೋಗ್ತಾರೆ. ಸಾಲು ಮುಗಿದ ಕಡೆ ಕಾಲು ಒತ್ತಿ ಅದನ್ನೇ ತುಂಬಿ ನುಡಿಸ್ತಾರೆ, ಅವನು ಮತ್ತೆ ಬಾಯಿ ತೆಗೆದ ಕೂಡ್ಲೇ ಇಳಿಸ್ತಾರೆ. ಮಾತು ಬಂದ್ರೆ ಇನ್ನೂ ಇಳಿಸಿ, ಇದೆಯೋ ಇಲ್ಲವೋ ಅನ್ನೋಷ್ಟು ಇಟ್ಕೋತಾರೆ. ಜನ ವನ್ಸ್ ಮೋರ್ ಅಂತ ಕೂಗಿದ್ರೆ ಮತ್ತೆ ಮೊದಲಿಂದ. ಹೀಗೆ ರಾತ್ರಿ ಇಡೀ. ಇದೊಂದು ನಿಜವಾದ ದೈಹಿಕ ಕೆಲಸ ಅನ್ನೋದು ನಮಗೆ ಮುಂಚೆ ಹೊಳೆದೇ ಇರ್ಲಿಲ್ಲ.

ವೀರಣ್ಣನವರು ಈ ಗಾಯಕ ನಟರ ಲೋಕದಲ್ಲಿ ಹಾಸ್ಯದಿಂದ ಹೆಸರು ಮಾಡಿದವರು. ಅವರ ಸದಾರಮೆ ನಾಟಕದ ಕಳ್ಳನ ಪಾತ್ರವನ್ನ ನೋಡಿದವರು ಅಜ್ಜ ಆದ ಮೇಲೂ ಹೇಳ್ಕೊಂಡು ನಗ್ತಿದ್ರಂತೆ. ಆ ನಾಟಕ ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳು ನಮ್ಮ ತುಮಕೂರು ತಾಲ್ಲೂಕಿನ ಬೆಳ್ಳಾವೆಯವರು. ಕನ್ನಡದ ಮೊದಲ ಟಾಕಿ ಸತಿ ಸುಲೋಚನಕ್ಕೆ ಮಾತು, ಹಾಡು ಬರೆದವರೂ ಅವರೇ. ಬೆಳ್ಳಾವೆಯಿಂದ ಬಸ್ಸಲ್ಲಿ ಬರೋ ನಮ್ಮ ಫ್ರೆಂಡ್ಸ್ ಇದನ್ನ ಇನ್ನು ಮೇಲಾದ್ರೂ ಜಂಬದಿಂದ ಹೇಳ್ಕೋಬಹುದು. ವೀರಣ್ಣನವರ ಹಾಸ್ಯಕ್ಕೆ ಮೈಸೂರು ಮಹಾರಾಜರಿಂದ ವರ್ಸಟೈಲ್ ಕಮೆಡಿಯನ್ ಅನ್ನೋ ಬಿರುದು ಬಂತು, ಇಂಗ್ಲಿಷಲ್ಲೇ.

ಮಾಲೀಕರಾಗಿ ಅವರು ಮಾಡಿದ್ದು ಸಣ್ಣ ಕೆಲಸ ಅಲ್ಲ. ಗಂಡಸರೇ ಸೀರೆ ಉಟ್ಟು ಸ್ತ್ರೀ ಪಾತ್ರ ಮಾಡ್ತಿದ್ದ ರಂಗಕ್ಕೆ ಹೆಣ್ಣುಮಕ್ಕಳನ್ನ ಕರೆತಂದರು. ಅವರ ಪತ್ನಿಯಾದ ಬಿ. ಜಯಮ್ಮ ಕಂಪನಿಯ ದೊಡ್ಡ ಗಾಯಕ ನಟಿ. ಕನ್ನಡದಲ್ಲಿ ಮಾತ್ರ ಅಲ್ಲ, ತೆಲುಗು, ತಮಿಳು ಸೀಮೆಗಳಿಗೂ ಹೋಗಿ ಆಡಿದರು. ಆಮೇಲೆ 1934ರಲ್ಲಿ ಕುರುಕ್ಷೇತ್ರ. ಬಿ. ಪುಟ್ಟಸ್ವಾಮಯ್ಯನವರು ಬರೆದ ನಾಟಕ. ಯುದ್ಧ ಅಂದ್ರೆ ಪರದೆ ಮೇಲೆ ಬರೆದ ಯುದ್ಧ ಅಲ್ಲ, ನಿಜವಾದ ಆನೆ, ನಿಜವಾದ ಕುದುರೆ ರಂಗದ ಮೇಲೆ. ಟಿಪ್ಪು ಕಾಲದಿಂದ ಕುದುರೆ ಫಾರಂ ನೋಡ್ಕೊಂಡು ಬಂದಿರೋ ಕುಣಿಗಲ್‌ನವರಿಗೆ ಕುದುರೆ ಹೊಸದೇನಲ್ಲ, ಆದ್ರೆ ಅದು ಅರ್ಜುನನ ರಥ ಎಳೀತಾ ಲೈಟಿನ ಮುಂದೆ ಬಂದ್ರೆ ಯಾರು ತಾನೇ ಬಾಯಿ ಮುಚ್ಕೊಂಡು ಕೂರ್ತಾರೆ? ನಮ್ಮ ಅಭಿಪ್ರಾಯ ಕೇಳಿದ್ರೆ, ಆನೆಗಿಂತ ದೊಡ್ಡ ಸಾಹಸ ಅಷ್ಟೆಲ್ಲ ಗದ್ದಲ ಆದಮೇಲೆ ಒಬ್ಬ ನಟ ಒಂಟಿಯಾಗಿ ನಿಂತು ಹಾಡಿ, ಜನ ಕೇಳೋ ಹಾಗೆ ಮಾಡೋದು. ಅದಕ್ಕೆ ಆನೆ ಸಾಲದು, ಮೇಷ್ಟ್ರ ಕಾಲು ಬೇಕು.

ಇನ್ನು ಪೆಡಲ್ ವಿಷಯ. ಎಫೆಕ್ಟ್ಸ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ವಾಲ್ಯೂಮ್ ಪೆಡಲ್ ಅಂದ್ರೆ ಒಳಗೆ ಒಂದು ಪೊಟೆನ್ಷಿಯೋಮೀಟರ್, ಮೇಲೆ ಪಾದ ಇಡೋ ಹಲಗೆ. ಹಿಮ್ಮಡಿ ಒತ್ತಿದ್ರೆ ಮೌನ, ಮುಂಗಾಲು ಒತ್ತಿದ್ರೆ ಪೂರ್ತಿ. ಎರ್ನಿ ಬಾಲ್ ಪೆಡಲ್ ಬಿಚ್ಚಿದ್ರೆ ಒಳಗೆ ಒಂದು ದಾರ ಪಾಟ್‌ಗೆ ಸುತ್ತಿಕೊಂಡಿರುತ್ತೆ, ಬಾವಿ ರಾಟೆ ಥರ. ಹಾರ್ಮೋನಿಯಂ ಕಾಲಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಅಲ್ಲಿ ಕಾಲೇ ಶಕ್ತಿ, ತುಳಿಯೋದು ನಿಲ್ಲಿಸಿದ್ರೆ ಸ್ವರವೇ ಇಲ್ಲ. ಇಲ್ಲಿ ಶಕ್ತಿ ಆಂಪ್‌ನದ್ದು, ಕಾಲು ಬರೀ ಎಷ್ಟು ಬಿಡಬೇಕು, ಎಷ್ಟು ತಡೀಬೇಕು ಅಂತ ನೋಡುತ್ತೆ.

ಅದನ್ನ ಎಲ್ಲಿ ಜೋಡಿಸ್ತೀವಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಗಿಟಾರ್ ಆದ ಕೂಡ್ಲೇ, ಡಿಸ್ಟಾರ್ಶನ್‌ಗಿಂತ ಮುಂಚೆ ಇಟ್ರೆ ಕಾಲು ಇಳಿಸಿದಾಗ ಡಿಸ್ಟಾರ್ಶನ್ನೇ ಕಡಿಮೆಯಾಗಿ ದನಿಯ ಬಣ್ಣ ಬದಲಾಗುತ್ತೆ. ಡಿಸ್ಟಾರ್ಶನ್ ಆದಮೇಲೆ ಇಟ್ರೆ ಬಣ್ಣ ಹಾಗೇ ಇದ್ದು ಜೋರು ಮಾತ್ರ ಇಳಿಯುತ್ತೆ. ಡಿಲೇ, ರಿವರ್ಬ್‌ಗಿಂತ ಮುಂಚೆ ಇದ್ರೆ ಹಿಮ್ಮಡಿ ಒತ್ತಿದ ಮೇಲೂ ಆಗಲೇ ಹೊರಟ ಪ್ರತಿಧ್ವನಿ ತಾನಾಗಿ ಕರಗುತ್ತೆ. ಅವುಗಳ ನಂತರ ಇಟ್ರೆ ಪ್ರತಿಧ್ವನಿ ಸಮೇತ ಕತ್ತರಿ ಹಾಕಿದ ಹಾಗೆ ನಿಲ್ಲುತ್ತೆ. ಗಿಟಾರ್ ನೇರ ಬಂದು ಸೇರೋದಾದ್ರೆ 250 ಕಿಲೋಓಮ್ ಪೆಡಲ್, ಬಫರ್ ಆದಮೇಲೆ ಇಡೋದಾದ್ರೆ 25 ಕಿಲೋಓಮ್. ಸಾಮಾನ್ಯ ಪಿಕಪ್ ಮುಂದೆ ನೇರವಾಗಿ 25 ಕಿಲೋಓಮ್ ಇಟ್ರೆ ಲೋಡಿಂಗ್ ಆಗಿ ಮೇಲಿನ ಫ್ರೀಕ್ವೆನ್ಸಿಗಳು ಸತ್ತು, ಗಿಟಾರ್ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತೆ. ನೆಟ್‌ವರ್ಕ್ ಅನಾಲಿಸಿಸ್ ಇಂಟರ್ನಲ್ಸ್‌ಗೆ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ನಮ್ಮ ಬ್ಯಾಂಡಿನ ಜೋಡಣೆ ಗಿಟಾರ್, ಓವರ್‌ಡ್ರೈವ್, ವಾಲ್ಯೂಮ್ ಪೆಡಲ್, ಡಿಲೇ, ರಿವರ್ಬ್, ಆಂಪ್. ತಂತಿ ಮೀಟಿದ ಕ್ಷಣದಲ್ಲಿ ಗಿಟಾರಿಗೆ ಒಂದು ಟಣ್ ಅನ್ನೋ ಪೆಟ್ಟು ಇರುತ್ತೆ, ಆಮೇಲೆ ದನಿ ಸಾಯ್ತಾ ಹೋಗುತ್ತೆ. ಹಾರ್ಮೋನಿಯಂಗೆ ಪೆಟ್ಟೂ ಇಲ್ಲ, ಗಾಳಿ ಇರೋವರೆಗೂ ಸಾವೂ ಇಲ್ಲ. ಆದ್ದರಿಂದ ಹಿಮ್ಮಡಿ ಒತ್ತಿ ಮೀಟೋದು, ಪೆಟ್ಟು ಕಳೆದ ಮೇಲೆ ಮೆಲ್ಲಗೆ ಮುಂಗಾಲಿಗೆ ಬರೋದು, ಆದರೆ ಅರ್ಧಕ್ಕೇ ನಿಲ್ಲೋದು. ದನಿ ಇಳೀತಾ ಹೋದ ಹಾಗೆ ಉಳಿದರ್ಧವನ್ನ ಸ್ವಲ್ಪಸ್ವಲ್ಪವೇ ಒತ್ತುತ್ತಾ ಬಂದ್ರೆ ಸ್ವರ ಸಮನಾಗಿ ನಿಲ್ಲುತ್ತೆ. ಹಾಡೋಳು ಬಾಯಿ ತೆಗೆದ ತಕ್ಷಣ ಕಾಲು ಹಿಂದಕ್ಕೆ. ಇಷ್ಟೇ. ಆದ್ರೆ ಇದನ್ನ ಮಾಡ್ಬೇಕಾದ್ರೆ ಗಿಟಾರಿಸ್ಟ್ ತನ್ನ ಬೆರಳು ನೋಡೋದು ಬಿಟ್ಟು ಅವಳ ಮುಖ ನೋಡ್ಬೇಕು.

ವೀರಣ್ಣನವರ ಕಥೆಗೆ ಮತ್ತೆ ಬರೋಣ. ಇಷ್ಟು ದೊಡ್ಡ ದನಿಯ ಮನುಷ್ಯ ಸಿನಿಮಾಕ್ಕೆ ಕೈ ಹಾಕಿದ್ದು ಮೂಕಿ ಕಾಲದಲ್ಲಿ. 1930ರ ಸುಮಾರಿಗೆ ಕೆಲವು ಮೂಕಿ ಚಿತ್ರ ಮಾಡಿದರು, ಪೆಡಲ್ ಹಿಮ್ಮಡಿಗೆ ಒತ್ತಿ ಇಟ್ಟ ಹಾಗೆ. ಮಾತು ಬಂದ ಮೇಲೆ 1935ರಲ್ಲಿ ಸದಾರಮೆಯೇ ಟಾಕಿಯಾಯ್ತು. 1942ರಲ್ಲಿ ಜೀವನ ನಾಟಕ. 1954ರಲ್ಲಿ ಬೇಡರ ಕಣ್ಣಪ್ಪ, ಅದರಲ್ಲಿ ಮುತ್ತುರಾಜ್ ಅನ್ನೋ ಕಂಪನಿ ಹುಡುಗ ರಾಜ್‌ಕುಮಾರ್ ಆದರು. ರಾಜ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯ ನಟರೇ. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಈ ಮನೆಯವರು. ಕಿವಿ ಸರಿಯಾಗಿ ಕೇಳದೆ, ಎದುರಿನವರ ತುಟಿ ನೋಡಿ ಮಾತು ಹಿಡೀತಿದ್ದ ಬಾಲಕೃಷ್ಣ ಕೂಡ.

ಇವರೆಲ್ಲರ ನಡುವೆ ನಮಗೆ ಹತ್ತಿರದವರು ಅನ್ನಿಸಿದ್ದು ಬಿ.ವಿ. ಕಾರಂತರು. ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ ಹುಡುಗ. ಕಂಪನಿಗೆ ಒಬ್ಬ ಒಳ್ಳೇ ಬಾಲನಟ ಸಿಕ್ಕ ಅಂತ ವೀರಣ್ಣನವರು ಸುಮ್ಮನಿರಬಹುದಿತ್ತು. ಆದ್ರೆ ಮುಂದೆ ಕಾಶಿಯಲ್ಲಿ ಎಂ.ಎ. ಓದೋಕೆ ಅವರನ್ನ ಕಳಿಸಿದವರು ವೀರಣ್ಣನವರೇ. ಆರನೇ ವಯಸ್ಸಿಗೆ ರಂಗ ಹತ್ತಿದ ಮನುಷ್ಯ ಇನ್ನೊಬ್ಬರ ಹುಡುಗನನ್ನ ಓದೋಕೆ ಕಳಿಸಿದ್ದು ನಮಗೆ ಆನೆ ಕುದುರೆಗಿಂತ ದೊಡ್ಡದಾಗಿ ಕಾಣುತ್ತೆ. ಕಾರಂತರು ಮುಂದೆ ಹಯವದನ, ಜೋಕುಮಾರಸ್ವಾಮಿ ನಾಟಕಗಳಿಗೆ ಕೊಟ್ಟ ಸಂಗೀತದಿಂದ ಕನ್ನಡ ರಂಗದ ಕಿವಿಯೇ ಬದಲಾಯ್ತು. 1989ರಲ್ಲಿ ಮೈಸೂರಲ್ಲಿ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರೂ ಅವರೇ.

ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂತು. ತಮ್ಮ ಬದುಕನ್ನ ಕಲೆಯೇ ಕಾಯಕ ಅನ್ನೋ ಪುಸ್ತಕದಲ್ಲಿ ಹೇಳ್ಕೊಂಡಿದ್ದಾರೆ. 1972ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮೊಮ್ಮಗಳು ಬಿ. ಜಯಶ್ರೀ ಅವರ ದನಿ ನಮಗೆಲ್ಲ ಗೊತ್ತಿದೆ, ನನ್ನ ಪ್ರೀತಿಯ ಹುಡುಗಿ ಸಿನಿಮಾದ ಆ ಕಾರಿನ ಹಾಡು ಅವರದ್ದೇ. ಮೈಕ್ ಇಲ್ಲದ ಕಾಲದ ಗಂಟಲು ಮೈಕ್ ಮುಂದೆ ಬಂದ್ರೆ ಹೇಗಿರುತ್ತೆ ಅಂತ ತಿಳೀಬೇಕಾದ್ರೆ ಹೆಡ್‌ಫೋನ್ ಹಾಕ್ಕೊಂಡು ಅದನ್ನ ಒಂದ್ಸಲ ಕೇಳಿ.

ಕುರುಕ್ಷೇತ್ರ ಅನ್ನೋ ಹೆಸರಂತೂ ನಮ್ಮ ಜಿಲ್ಲೇಲಿ ಇನ್ನೂ ಬದುಕಿದೆ. ಗುಬ್ಬಿ, ಕುಣಿಗಲ್ ಕಡೆ ಹಳ್ಳಿಗಳಲ್ಲಿ ಈಗಲೂ ಪೌರಾಣಿಕ ನಾಟಕ ಆಡ್ತಾರೆ. ದುರ್ಯೋಧನ, ಭೀಮ, ಕೃಷ್ಣ, ಒಂದೊಂದು ಪಾತ್ರಕ್ಕೂ ಪಾತ್ರಧಾರಿಗಳೇ ದುಡ್ಡು ಹಾಕ್ತಾರೆ. ತಿಂಗಳುಗಟ್ಟಲೆ ಸಂಜೆ ಹೊಲದಿಂದ ಬಂದು ಡ್ರಾಮಾ ಮೇಷ್ಟ್ರ ಮುಂದೆ ಕೂತು ಪದ ಕಲೀತಾರೆ. ಈಗ ಎಷ್ಟೋ ಕಡೆ ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂದಿದೆ, ಯಾವ ಕಂಪನಿಯದ್ದಾದ್ರೂ ಊರವರಿಗೆ ಅದು ಕ್ಯಾಸಿಯೋನೇ. ಜೊತೆಗೆ ಆಳೆತ್ತರದ ಸ್ಪೀಕರ್ ಬಾಕ್ಸ್. ಕುಣಿಗಲ್ ಕಡೆಯ ನಮ್ಮ ಡ್ರಮ್ಮರ್ ಹೇಳೋ ಪ್ರಕಾರ ಅವನೂರಿನ ನಾಟಕದಲ್ಲಿ ಕೀಬೋರ್ಡಿನ ಅಬ್ಬರಕ್ಕೆ ದುರ್ಯೋಧನನ ಪದ ಮೂರನೇ ಸಾಲಿಗೂ ಕೇಳಿಸ್ಲಿಲ್ಲ. ಆ ಒಂದು ರಾತ್ರಿಗೋಸ್ಕರ ದುಡ್ಡು ಕೂಡಿಟ್ಟಿದ್ದ ಮನುಷ್ಯ, ಕಿರೀಟ ಹಾಕ್ಕೊಂಡು ಗಂಟಲ ನರ ಉಬ್ಬಿಸಿ ಹಾಡ್ತಿದ್ದ, ಅವನ ಹೆಂಡತಿ ಮಕ್ಕಳು ಎದುರಿಗೇ ಕೂತಿದ್ದರು.

ಆ ಕೀಬೋರ್ಡಿನ ಹಿಂಭಾಗದಲ್ಲಿ ಪೆಡಲ್‌ಗೆ ಅಂತಲೇ ಒಂದು ಜ್ಯಾಕ್ ಇತ್ತಂತೆ, ಖಾಲಿಯಾಗಿತ್ತಂತೆ. ಅದು ಎಕ್ಸ್‌ಪ್ರೆಶನ್ ಪೆಡಲ್‌ನದೋ, ಬರೀ ಸಸ್ಟೇನ್‌ನದೋ ಅಂತ ನೋಡ್ಕೊಂಡು ಬಾ ಅಂತ ಅವನಿಗೆ ಹೇಳಿದ್ದೀವಿ. ಎರಡನೆಯದಾದ್ರೆ, ಕೀಬೋರ್ಡಿಗೂ ಮಿಕ್ಸರಿಗೂ ನಡುವೆ ನಮ್ಮ 25 ಕಿಲೋಓಮ್ ಪೆಡಲ್ ಸೇರಿಸಬಹುದು. ಮುಂದಿನ ನಾಟಕಕ್ಕೆ ಅವನ ಜೊತೆ ಅದನ್ನ ಕಳಿಸ್ತಿದ್ದೀವಿ.