ಒಣಕಡ್ಡಿಯಲ್ಲಿ ನೆಂಟರನ್ನು ಕಂಡ ಕಲಾಚಾರ್ಯ ಅವನೀಂದ್ರನಾಥ ಠಾಕೂರ

ಆಧುನಿಕ ಭಾರತದ ಚಿತ್ರಕಲೆಯ ಚರಿತ್ರೆಯಲ್ಲಿ ಅವನೀಂದ್ರನಾಥ ಠಾಕೂರರ ಹೆಸರು ಚಿರಸ್ಮರಣೀಯವಾದುದು. ಪಾಶ್ಚಾತ್ಯ ರೀತಿಯ ಅನುಕರಣೆಯಲ್ಲಿ ಮುಳುಗಿದ್ದ ನಮ್ಮ ಕಲಾವಿದರನ್ನು ಸ್ವದೇಶದ ಪರಂಪರೆಯ ಕಡೆಗೆ ತಿರುಗಿಸಿದ ಆಚಾರ್ಯರೆಂದು, ‘ಭಾರತಮಾತೆ’ಯ ಚಿತ್ರಕಾರರೆಂದು, ಬಂಗಾಳೀ ಶಿಶುಸಾಹಿತ್ಯದ ಶ್ರೇಷ್ಠ ಲೇಖಕರೆಂದು ವಿದ್ಯಾವಂತರು ಅವರನ್ನು ಬಲ್ಲರು. ಆದರೆ ಕೀರ್ತಿಯ ಶಿಖರವನ್ನೇರಿದ ಮೇಲೆ ಆ ಮಹನೀಯರು ತೋಟದಲ್ಲಿ ಬಿದ್ದ ಒಣಕಡ್ಡಿ, ಬೇರು, ಬಿದಿರಿನ ಚೂರು, ಕಾಯಿಯ ಚಿಪ್ಪುಗಳನ್ನು ಆಯ್ದು ತಂದು, ಅವುಗಳಿಂದ ಗೊಂಬೆಗಳನ್ನು ಮಾಡುವುದರಲ್ಲಿ ತಮ್ಮ ಇಳಿವಯಸ್ಸಿನ ಬಹುಕಾಲವನ್ನು ಕಳೆದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದ ಸಂಗತಿಯಲ್ಲ. ಅವರ ಜೀವಿತವನ್ನು ಮೊದಲಿನಿಂದ ಪರಿಶೀಲಿಸಿದಾಗ ಈ ಗೊಂಬೆಗಳು ಆ ದೀರ್ಘ ಸಾಧನೆಯ ಸಹಜ ಫಲವೆಂಬುದು ಮನವರಿಕೆಯಾಗುತ್ತದೆ.

ಅವನೀಂದ್ರನಾಥರು 1871ನೆಯ ಆಗಸ್ಟ್ 7ರಂದು ಕಲ್ಕತ್ತೆಯ ಜೋಡಾಸಾಂಕೋದಲ್ಲಿ, ಪ್ರಸಿದ್ಧವಾದ ಠಾಕೂರ ಮನೆತನದಲ್ಲಿ ಜನಿಸಿದರು. ಕವಿ ರವೀಂದ್ರನಾಥರು ವರಸೆಯಲ್ಲಿ ಅವರಿಗೆ ಚಿಕ್ಕಪ್ಪ. ತಂದೆ ಗುಣೇಂದ್ರನಾಥರು ಸ್ವತಃ ಕಲಾಪ್ರಿಯರು. ಆದರೆ ಬಾಲಕನು ಹತ್ತನೆಯ ವಯಸ್ಸಿನಲ್ಲಿಯೇ ಅವರನ್ನು ಕಳೆದುಕೊಳ್ಳಬೇಕಾಯಿತು. ಸಂಸ್ಕೃತ ಕಾಲೇಜಿನಲ್ಲಿ ಓದಿದ ಅವನೀಂದ್ರನಾಥರು ಅನಂತರ ಗಿಲಾರ್ಡಿ ಎಂಬ ಇಟಲಿಯ ಕಲಾವಿದರಲ್ಲಿಯೂ ಪಾಮರ್ ಎಂಬ ಆಂಗ್ಲ ಕಲಾವಿದರಲ್ಲಿಯೂ ಯುರೋಪಿನ ಚಿತ್ರಪದ್ಧತಿಯನ್ನು ಅಭ್ಯಾಸ ಮಾಡಿದರು. ಆ ವಿದ್ಯೆಯಲ್ಲಿ ನಿಪುಣರಾದರೂ ಅವರ ಮನಸ್ಸಿಗೆ ತೃಪ್ತಿ ದೊರೆಯಲಿಲ್ಲ. ಮೊಗಲರ ಕಾಲದ ಕಿರುಚಿತ್ರಗಳ ಸೊಬಗಿಗೆ ಮಾರುಹೋಗಿ, ಶತಮಾನದ ಕೊನೆಯ ದಶಕದಲ್ಲಿ ಕೃಷ್ಣಲೀಲೆಯ ಚಿತ್ರಮಾಲೆಯನ್ನು ರಚಿಸಿ ತಮ್ಮ ದಾರಿಯನ್ನು ತಾವೇ ಕಂಡುಕೊಂಡರು.

ಅದೇ ದಿನಗಳಲ್ಲಿ ರವೀಂದ್ರನಾಥರ ಪ್ರೋತ್ಸಾಹದಿಂದ ಅವರು ಮಕ್ಕಳಿಗಾಗಿ ಬರೆಯತೊಡಗಿದರು. 1895ರಲ್ಲಿ ‘ಶಕುಂತಲಾ’, 1896ರಲ್ಲಿ ‘ಖೀರೇರ್ ಪುತುಲ್’ ಪ್ರಕಟವಾದವು. ಎರಡನೆಯದು ಹಾಲಿನ ಖೋವದಿಂದ ಮಾಡಿದ ಗೊಂಬೆಯೊಂದರ ಕಥೆ. ಪರಿತ್ಯಕ್ತಳಾದ ರಾಣಿಯ ಹಿತಕ್ಕಾಗಿ ಜಾಣ ಕೋತಿಯೊಂದು ಆ ಗೊಂಬೆಯನ್ನೇ ರಾಜಕುಮಾರನೆಂದು ಮೆರವಣಿಗೆಯಲ್ಲಿ ಕರೆದೊಯ್ಯುತ್ತದೆ. ಮಕ್ಕಳನ್ನು ಕಾಯುವ ಷಷ್ಠೀದೇವಿಯು ಅದನ್ನು ತಿಂದುಬಿಟ್ಟು, ಅದಕ್ಕೆ ಬದಲಾಗಿ ನಿಜವಾದ ಮಗನನ್ನೇ ಕರುಣಿಸುತ್ತಾಳೆ. ಅಡಿಗೆಮನೆಯ ಪದಾರ್ಥವೊಂದು ಕಲ್ಪನೆಯ ಬಲದಿಂದ ಜೀವ ತಳೆಯುವ ಈ ಕಥೆ ಇಪ್ಪತ್ತೈದರ ತರುಣನ ಕೃತಿ. ಮುಂದೆ ಅರುವತ್ತರ ವೃದ್ಧರು ಕೈಗೊಂಡ ಕಾಯಕದ ಬೀಜ ಇಲ್ಲಿಯೇ ಇದೆಯೆನ್ನಬಹುದು.

1902ರಲ್ಲಿ ರಚಿಸಿದ ಷಹಜಹಾನನ ಅಂತ್ಯಕಾಲದ ಚಿತ್ರ ಅವರಿಗೆ ದೇಶವ್ಯಾಪಿಯಾದ ಕೀರ್ತಿಯನ್ನು ತಂದಿತು. ಕಲ್ಕತ್ತೆಯಲ್ಲಿ ಹಬ್ಬಿದ ಪ್ಲೇಗಿಗೆ ತಮ್ಮ ಎಳೆಯ ಮಗಳನ್ನು ಕಳೆದುಕೊಂಡ ದುಃಖವನ್ನು ಅವರು ಆ ಚಿತ್ರದಲ್ಲಿ ತುಂಬಿದ್ದರು. 1905ರಲ್ಲಿ, ಪ್ರಾಚಾರ್ಯ ಹ್ಯಾವೆಲ್ಲರ ಆಹ್ವಾನದಂತೆ, ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯ ಉಪಪ್ರಾಚಾರ್ಯ ಪದವಿಯನ್ನು ವಹಿಸಿಕೊಂಡು 1915ರವರೆಗೆ ಅಲ್ಲಿ ದುಡಿದರು. ನಂದಲಾಲ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದವರು ಅವರ ಶಿಷ್ಯರು. ಕನ್ನಡನಾಡಿನ ಹೆಮ್ಮೆಯ ಕಲಾವಿದ ಕೆ. ವೆಂಕಟಪ್ಪನವರು ಮೈಸೂರಿನಿಂದ 1909ರಲ್ಲಿ ಕಲ್ಕತ್ತೆಗೆ ತೆರಳಿ ಇವರ ಬಳಿಯಲ್ಲಿಯೇ ಶಿಕ್ಷಣ ಪಡೆದರು. ನಂದಲಾಲರು ಶಾಂತಿನಿಕೇತನದಲ್ಲಿ ಭಿತ್ತಿಚಿತ್ರಗಳ ಕಡೆಗೆ ತಿರುಗಿದರು. ವೆಂಕಟಪ್ಪನವರು ನೀಲಗಿರಿಯ ದೃಶ್ಯಗಳಿಗೂ ಉಬ್ಬುಶಿಲ್ಪಕ್ಕೂ ಒಲಿದರು. ಹೀಗೆ ಶಿಷ್ಯರು ಗುರುವಿನ ಪಡಿಯಚ್ಚುಗಳಾಗದೆ ತಮ್ಮ ತಮ್ಮ ಮಾರ್ಗದಲ್ಲಿ ಬೆಳೆದುದು ಆ ಗುರುವಿನ ಹಿರಿಮೆಗೆ ಸಾಕ್ಷಿಯಾಗಿದೆ.

ಕೀರ್ತಿ ಬಂದಷ್ಟೂ ಅವನೀಂದ್ರನಾಥರ ದೃಷ್ಟಿ ಸಾಮಾನ್ಯರ ಮನೆಯಂಗಳದ ಕಡೆಗೆ ಹರಿಯಿತು. 1919ರಲ್ಲಿ ಪ್ರಕಟವಾದ ‘ಬಾಂಗ್ಲಾರ್ ವ್ರತ’ದಲ್ಲಿ ಅವರು ಬಂಗಾಳದ ಹೆಣ್ಣುಮಕ್ಕಳ ವ್ರತಗಳನ್ನೂ, ಅಕ್ಕಿಹಿಟ್ಟಿನ ಕದಡಿನಿಂದ ನೆಲದ ಮೇಲೆ ಬರೆಯುವ ಆಲ್ಪನಾವನ್ನೂ ಆದರದಿಂದ ವಿವೇಚಿಸಿದರು. ನಮ್ಮ ನಾಡಿನ ಹೊಸಿಲಿನ ರಂಗವಲ್ಲಿಯಂತೆ ಬೆಳಗ್ಗೆ ಮೂಡಿ ಸಂಜೆಗೆ ಅಳಿಸಿಹೋಗುವ ಈ ಕಲೆಯನ್ನು ವಿದ್ವಾಂಸರು ಗಂಭೀರವಾಗಿ ಗಮನಿಸದಿದ್ದ ಕಾಲವದು. 1921ರಿಂದ 1929ರವರೆಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಬಾಗೇಶ್ವರೀ ಪೀಠದ ಪ್ರಾಧ್ಯಾಪಕರಾಗಿ ಅವರು ನೀಡಿದ ಕಲಾವಿಷಯಕ ಉಪನ್ಯಾಸಗಳು ಬಂಗಾಳೀ ಗದ್ಯದ ಅಮೂಲ್ಯ ಸಂಪತ್ತಾಗಿವೆ.

1930ರಲ್ಲಿ ಅರೇಬಿಯನ್ ನೈಟ್ಸ್ ಚಿತ್ರಮಾಲೆಯನ್ನು ಮುಗಿಸಿದ ಬಳಿಕ ಅವರು ಕೆಲವು ವರ್ಷಗಳ ಕಾಲ ಕುಂಚವನ್ನು ಬಹುಮಟ್ಟಿಗೆ ಕೆಳಗಿಟ್ಟರು. ಮಕ್ಕಳಿಗಾಗಿ ಜಾತ್ರಾ ಎಂಬ ಜಾನಪದ ನಾಟಕದ ಧಾಟಿಯಲ್ಲಿ ಹಾಸ್ಯಮಯವಾದ ಪ್ರಸಂಗಗಳನ್ನು ಬರೆಯತೊಡಗಿದರು. ಅವುಗಳಲ್ಲಿ ರಾಮಾಯಣವನ್ನು ಆಧರಿಸಿದ ‘ಖುದ್ದುರ್ ಜಾತ್ರಾ’ದ ಹಸ್ತಪ್ರತಿ ಒಂದು ವಿಸ್ಮಯ. ಅದರ ಪುಟಗಳಿಗೆ ಅವರು ಚಿತ್ರ ಬರೆಯಲಿಲ್ಲ. ವೃತ್ತಪತ್ರಿಕೆಗಳ ಜಾಹೀರಾತುಗಳನ್ನೂ, ಸರಕಿನ ಪೊಟ್ಟಣಗಳ ಮೇಲಿನ ಚೀಟಿಗಳನ್ನೂ ಕತ್ತರಿಸಿ ಅಂಟಿಸಿದರು. ಪೇಟೆಯ ಸರಕನ್ನು ಹೊಗಳಲು ಅಚ್ಚಾದ ಚಿತ್ರಗಳು ರಾಮಕಥೆಯ ಮಗ್ಗುಲಿಗೆ ಬಂದು ನಿಂತು ಹೊಸ ಅರ್ಥವನ್ನೂ ನಗೆಯನ್ನೂ ಹೊಮ್ಮಿಸಿದವು. ಈ ಕೃತಿ ಯಥಾರೂಪದಲ್ಲಿ ಅಚ್ಚಾಗಿ ಲೋಕದ ಕಣ್ಣಿಗೆ ಬಿದ್ದುದು ಅವರು ಗತಿಸಿ ಅರ್ಧ ಶತಮಾನ ಕಳೆದ ಮೇಲೆ.

ಇದೇ ಅವಧಿಯಲ್ಲಿ ಆರಂಭವಾದುದು ಗೊಂಬೆಗಳ ಕಾರ್ಯ. ಇವುಗಳಿಗೆ ಅವರು ಇಟ್ಟ ಹೆಸರು ‘ಕುಟುಂ ಕಾಟಾಂ’. ಕುಟುಂ ಎಂದರೆ ಬಂಗಾಳಿಯಲ್ಲಿ ನೆಂಟ. ಕಾಟಾಂ ಎಂಬುದು ಅದಕ್ಕೆ ಪ್ರಾಸವಾಗಿ ಬಂದು, ಹಂದರ ಎಂಬರ್ಥದ ಮಾತನ್ನೂ ನೆನಪಿಗೆ ತರುತ್ತದೆ. ಗಾಳಿಗೆ ಮುರಿದು ಬಿದ್ದ ಕೊಂಬೆ, ಗಂಟುಗಂಟಾದ ಬೇರು, ಬಿದಿರಿನ ಗೆಣ್ಣು ಮೊದಲಾದವು ಅದರ ಸಾಮಗ್ರಿ. ಮರದಲ್ಲಿ ಮೂರ್ತಿಯನ್ನು ಕೆತ್ತುವವನು ತನ್ನ ಮನಸ್ಸಿನ ರೂಪವನ್ನು ಮರದ ಮೇಲೆ ಹೇರುತ್ತಾನೆ. ಅವನೀಂದ್ರನಾಥರ ವಿಧಾನ ಬೇರೆ. ಅವರು ತುಂಡನ್ನು ಕೈಯಲ್ಲಿ ಹಿಡಿದು, ಅತ್ತಿತ್ತ ತಿರುಗಿಸಿ, ಅದರೊಳಗೆ ಅಡಗಿದ ಹಕ್ಕಿಯೋ ಮೃಗವೋ ಮನುಷ್ಯನೋ ಗೋಚರಿಸುವವರೆಗೆ ನಿರೀಕ್ಷಿಸುತ್ತಿದ್ದರು. ಗೋಚರಿಸಿದ ಬಳಿಕ ಅಲ್ಪ ಸ್ವಲ್ಪ ಸವರಿಯೋ, ಇನ್ನೊಂದು ತುಂಡನ್ನು ಜೋಡಿಸಿಯೋ ನಿಲ್ಲಿಸಿಬಿಡುತ್ತಿದ್ದರು. ಪ್ರಕೃತಿ ಮಾಡಿಟ್ಟ ಆಕಾರಕ್ಕೆ ಭಂಗ ಬಾರದಂತೆ ನೋಡಿಕೊಳ್ಳುವುದೇ ಅಲ್ಲಿನ ಕೌಶಲ. ಯಾರಿಗೂ ಬೇಡವಾದ ವಸ್ತು ಅವರ ಕಣ್ಣಿಗೆ ಬಿದ್ದೊಡನೆ ಮನೆಗೆ ಬಂದ ನೆಂಟನಾಗುತ್ತಿತ್ತು.

ವಿನೋದದ ಈ ಕಲೆ ಸುಖದ ದಿನಗಳಿಗಷ್ಟೇ ಸೀಮಿತವಾಗಿರಲಿಲ್ಲ. ಜೋಡಾಸಾಂಕೋ ಮನೆಯ ದಕ್ಷಿಣದ ವರಾಂಡದಲ್ಲಿ ಜೊತೆಗೂಡಿ ಕುಳಿತು ಚಿತ್ರ ಬರೆಯುತ್ತಿದ್ದ ಅಣ್ಣ ಗಗನೇಂದ್ರನಾಥರು 1938ರಲ್ಲಿ ತೀರಿಕೊಂಡರು. 1941ನೆಯ ಆಗಸ್ಟ್ 7ರಂದು, ಅವನೀಂದ್ರನಾಥರಿಗೆ ಎಪ್ಪತ್ತು ತುಂಬಿದ ದಿನದಂದೇ, ರವೀಂದ್ರನಾಥರು ಅಸ್ತಂಗತರಾದರು. ತಮ್ಮ ಅವನನ ಹುಟ್ಟುಹಬ್ಬವನ್ನು ದೇಶವು ಆಚರಿಸಬೇಕೆಂದು ಬಯಸಿದ್ದ ಹಿರಿಯರು ಆ ದಿನವನ್ನೇ ತಮ್ಮ ಕೊನೆಯ ದಿನವಾಗಿಸಿಕೊಂಡರು. ಅದೇ ವರ್ಷ ಹುಟ್ಟಿ ಬೆಳೆದ ಮನೆ ಪರರ ಪಾಲಾಯಿತು; ಮುಂದೆ ಅದನ್ನು ಕೆಡವಲಾಯಿತು. ಅವನೀಂದ್ರನಾಥರು ಬರಾನಗರದ ಗುಪ್ತನಿವಾಸವೆಂಬ ತೋಟದ ಮನೆಗೆ ತೆರಳಿದರು. 1942ರಲ್ಲಿ ವಿಶ್ವಭಾರತಿಯ ಆಚಾರ್ಯ ಪದವಿಯ ಭಾರವೂ ಅವರ ಮೇಲೆ ಬಿತ್ತು. ಮನೆ ಹೋಯಿತು, ಬಂಧುಗಳು ಹೋದರು. ಆದರೆ ಕಡ್ಡಿ ಬೇರುಗಳನ್ನು ಆಯುವ ಕೈ ನಿಲ್ಲಲಿಲ್ಲ. ಅಗಲಿದ ನೆಂಟರ ಸ್ಥಾನದಲ್ಲಿ ಹೊಸ ನೆಂಟರು ಸಾಲುಗಟ್ಟಿ ನಿಂತರು.

1942ರಲ್ಲಿಯೇ ದೂರದ ಪ್ಯಾರಿಸ್ ನಗರದಲ್ಲಿ ಪಿಕಾಸೋ ಹಳೆಯ ಸೈಕಲ್ಲಿನ ಆಸನವನ್ನೂ ಹಿಡಿಕೆಯನ್ನೂ ಜೋಡಿಸಿ ಹೋರಿಯ ತಲೆಯೊಂದನ್ನು ಸೃಷ್ಟಿಸಿದುದು ಜಗತ್ಪ್ರಸಿದ್ಧವಾಗಿದೆ. ಬಂಗಾಳದ ಈ ವೃದ್ಧರು ಅದಕ್ಕೂ ಮುಂಚಿನಿಂದ, ಪ್ರದರ್ಶನದ ಹಂಬಲವಾಗಲಿ ಪಂಥದ ಘೋಷಣೆಯಾಗಲಿ ಇಲ್ಲದೆ, ತಮ್ಮದೇ ರೀತಿಯಲ್ಲಿ ಅಂಥ ದಾರಿಯಲ್ಲಿ ನಡೆದಿದ್ದರು.

1951ನೆಯ ಡಿಸೆಂಬರ್ 5ರಂದು, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಅವನೀಂದ್ರನಾಥರು ಇಹಲೋಕವನ್ನು ತ್ಯಜಿಸಿದರು. ಬಣ್ಣ, ಕಾಗದಗಳಿಗೆ ಹಣವಿಲ್ಲವೆಂಬ ಕಾರಣದಿಂದ ಚಿತ್ರಕಲೆಯ ಪಾಠವನ್ನು ಕೈಬಿಡುವ ಶಾಲೆಗಳು ಇಂದಿಗೂ ಉಂಟು. ಅಂಥ ಶಾಲೆಯ ಅಂಗಳದಲ್ಲಿಯೂ ಒಣಗಿದ ಕೊಂಬೆ ಬಿದ್ದಿರುತ್ತದೆ. ಅದನ್ನೆತ್ತಿಕೊಂಡು ಇದು ಕುದುರೆಯೆಂದು ಹೇಳುವ ಮಗುವೂ ಇರುತ್ತದೆ. ಆ ಮಾತನ್ನು ನಕ್ಕು ತಳ್ಳಿಹಾಕದೆ ಕುದುರೆಯನ್ನು ತಾವೂ ನೋಡಬಲ್ಲ ಉಪಾಧ್ಯಾಯರು ದೊರೆತರೆ ಕಲಾಶಿಕ್ಷಣದ ಮೊದಲ ಪಾಠ ನಡೆದಂತೆಯೇ ಸರಿ. ದೇಶವೇ ಗುರುವೆಂದು ಗೌರವಿಸಿದ ಹಿರಿಯರೊಬ್ಬರು ಆ ಪಾಠವನ್ನು ತಮ್ಮ ಮುಪ್ಪಿನಲ್ಲಿ ವಿದ್ಯಾರ್ಥಿಯಂತೆ ಮತ್ತೆ ಮೊದಲಿನಿಂದ ಕಲಿತರು.